ಏಳು ಚೂರಿನ ಕಪ್ಪು

ಈ ಚಹಾದ ಕಪ್ಪು ಕೈಜಾರಿ ಬಿದ್ದದ್ದಲ್ಲ. ತಬಸ್ಸುಮಳಿಗೆ ಮೊದಲ ದಿನವೇ ಗುಮಾನಿ ಬಂದಿತ್ತು.

“ಬಿದ್ದಿದ್ರ ಚೂರು ದಿಕ್ಕಾಪಾಲಾಗ್ತಾವ್ರಿ ಅವ್ವಾರ, ಒಂದರೆ ಕಳೀತದ. ಇಲ್ಲಿ ಏಳಕ್ಕ ಏಳೂ ಅದಾವ.”

“ಗೂಡಿನ್ಯಾಗೇ ಸಿಕ್ಕವು. ಬೆಕ್ಕು ಕೆಡವಿರಬೇಕು,” ಎಂದರು ಕಾಶಿಬಾಯಿ.

ಒಡೆದ ಪಿಂಗಾಣಿಯನ್ನು ಬಂಗಾರದಿಂದ ಕೂಡಿಸುವ ಜಪಾನಿನ ಕಿಂಟ್ಸುಗಿಯನ್ನು ತಬಸ್ಸುಮ ಪುಣೆಯಲ್ಲಿ ಕಲಿತು ಬಂದಿದ್ದಳು. ಆಳಂದದಲ್ಲಿ ಅದನ್ನು ಕಲಿಯಲು ಯಾರು ಬರುತ್ತಾರೆಂದು ಊರೇ ನಕ್ಕಿತ್ತು. ಬಂದದ್ದು ಒಬ್ಬರೇ, ಅಫಜಲಪುರದ ಈ ಅರವತ್ತೈದರ ಹೆಂಗಸು. ಹಣೆ ಬರಿದು. ಕೈಯಲ್ಲಿ, ಸಂತೆಯಲ್ಲಿ ಡಜನ್‌ಗಟ್ಟಲೆ ಸಿಗುವಂಥ ಕಪ್ಪಿನ ಚೂರುಗಳು.

“ನಾ ಮಾಡಿಕೊಡ್ತೇನಿ ಬಿಡ್ರಿ.”

“ಬ್ಯಾಡ ತಂಗಿ. ನನ್ನ ಕೈಯಿಂದಾನೇ ಆಗಬೇಕು.”

ಪ್ರತಿ ಗುರುವಾರ ಬಸ್ಸು ಹತ್ತಿ ಬಂದರು. ಮರದ ಅಂಟುರಸ ತಾಕಿ ಮುಂಗೈಯೆಲ್ಲ ಬೊಕ್ಕೆ ಎದ್ದಿತು. ತುರಿಸಿಕೊಳ್ಳುತ್ತಲೇ ಚೂರಿಗೆ ಚೂರು ಹೊಂದಿಸಿದರು. ಆ ಅಂಟು ಒಣಗಲು ತೇವ ಬೇಕು; ನಮ್ಮ ಬಿಸಿಲಿಗೆ ಅದು ಜಪ್ಪಯ್ಯ ಅನ್ನುವುದಿಲ್ಲ. ಹಸಿ ಬಟ್ಟೆ ಹಾಸಿದ ಪೆಟ್ಟಿಗೆಯಲ್ಲಿಟ್ಟು ವಾರಗಟ್ಟಲೆ ಕಾಯಬೇಕಾಯಿತು.

ಕಾಯುವಾಗ ಮಾತು ಬಂತು. “ಮೂವತ್ತು ವರ್ಷ ಇದರಾಗೇ ಚಹಾ ಕುಡಿದ ಜೀವ. ಬ್ಯಾರೆ ಕಪ್ಪು ಮುಟ್ಟಲಿಲ್ಲ. ಕುಡಿದು ತಾನೇ ತೊಳೆದಿಡ್ತಿತ್ತು. ನಾ ಒಂದಿನಾನೂ ತೊಳೀಲಿಲ್ಲ.”

“ಪುಣ್ಯವಂತ್ರು ನೀವು. ನಮ್ಮನೀವ ಕುಡಿದ ಕಪ್ಪು ಕುಂತಲ್ಲೇ ಬಿಟ್ಟು ಏಳ್ತಾನ.”

ಕಾಶಿಬಾಯಿ ನಗಲಿಲ್ಲ. “ಒಂದಿನ ಬಂದು ಚಹಾ ಬ್ಯಾಡ ಅಂತು. ಹಂಗೇ ಹೋತು. ಮತ್ತ ಬರಲಿಲ್ಲ. ಒಂದು ಮಾತು ಹೇಳೂದಿತ್ತು ತಂಗಿ, ಹೇಳಲಿಲ್ಲ.” ಅವರ ಕಣ್ಣು ತುಂಬಿತು. ಗಂಡನನ್ನು ಇಷ್ಟು ನೆನೆಯುವವರನ್ನು ತಬಸ್ಸುಮ ಕಂಡಿರಲಿಲ್ಲ.

ಕೊನೆಗೆ ಬಂಗಾರದ ಪುಡಿಯ ಸರದಿ. ಕಾಶಿಬಾಯಿ ತಮ್ಮ ಕೊರಳ ಸರ ಬೋರಮಾಳದ ಒಂದು ಬಂಗಾರದ ಗುಂಡನ್ನೇ ಅಕ್ಕಸಾಲಿಗನಿಂದ ಅರೆಸಿ ತಂದಿದ್ದರು.

“ಬಿರುಕು ಮುಚ್ಚಬಾರದ್ರಿ, ಕಾಣಬೇಕು.”

“ಕಾಣಬೇಕು,” ಎಂದರು ಕಾಶಿಬಾಯಿ. “ಎಲ್ಲರಿಗೂ ಕಾಣಬೇಕು.”

ಮೂರು ತಿಂಗಳಿಗೆ ಕಪ್ಪು ಎದ್ದು ನಿಂತಿತು. ಆ ಜೀವದ ಫೋಟೋದ ಮುಂದೆ ಇಡಬೇಕು, ನೀನೂ ಬಾ ಎಂದು ತಬಸ್ಸುಮಳನ್ನು ಕರೆದರು. ಬಸ್ಸು ಅಫಜಲಪುರದಲ್ಲಿ ನಿಂತಿತು. ಕಾಶಿಬಾಯಿ ಇಳಿಯಲಿಲ್ಲ, ಅತನೂರಿಗೆ ಎರಡು ಟಿಕೆಟ್ ಕೇಳಿದರು.

ಅತನೂರಿನ ಆ ಎರಡು ಕೋಣೆಯ ಮನೆಯ ಗೋಡೆಯಲ್ಲಿ ಬುದ್ಧನ ಪಟವಿತ್ತು. ಪಕ್ಕದಲ್ಲಿ ಹಾರ ಹಾಕಿದ, ತಲೆಗೆ ರುಮಾಲು ಸುತ್ತಿದ ಮುದುಕನ ಫೋಟೋ. ಕೆಳಗೆ ಹೆಸರು: ದೇವೀಂದ್ರಪ್ಪ. ಅವನ ಮಗಳು, ನರ್ಸ್ ಕೆಲಸದ ಮಧುಮತಿ, ಗಾಬರಿಯಿಂದ ಕುರ್ಚಿ ಎಳೆದಳು. ಕಾಶಿಬಾಯಿ ನೆಲದ ಮೇಲೆ ಕುಳಿತರು.

“ನಮ್ಮ ಹೊಲದಾಗ ಮೂವತ್ತು ವರ್ಷ ದುಡದ ನಿಮ್ಮಪ್ಪ. ಅವಗ ಅಂತ ಅಂಗಳದ ಗೂಡಿನ್ಯಾಗ ಬ್ಯಾರೆ ಇಟ್ಟಿದ್ದ ಕಪ್ಪು ಇದು. ಒಳಗಿನ ಕಪ್ಪಿನ್ಯಾಗ ಒಮ್ಮೆನೂ ಕೊಡಲಿಲ್ಲ. ಅವ ಕೆಲಸ ಬಿಟ್ಟುಹೋದ ದಿನಾನೇ ಇದೂ ಒಡೀತು. ನನ್ನ ಬಂಗಾರ ಹಾಕಿ ಕೂಡಿಸೇನಿ. ತಪ್ಪಾತವ್ವ, ಮಾಫ್ ಮಾಡು.”

ತಬಸ್ಸುಮ ತಲೆ ತಗ್ಗಿಸಿದಳು. ಮಧುಮತಿ ಕಪ್ಪನ್ನು ತೆಗೆದುಕೊಂಡು ಒಂದೊಂದೇ ಬಂಗಾರದ ಗೆರೆಯ ಮೇಲೆ ಬೆರಳಾಡಿಸಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

“ಇದನ್ನ ಅಪ್ಪನೇ ಒಡದಿದ್ದ ಅವ್ವಾರ. ಅವತ್ತು ಮನೀಗಿ ಪೇಡೆ ತಂದು ಹಂಚಿದ್ದ.”