ಉಪಪ್ರಶ್ನೆ

“ನಿನ್ನ ಸವಾಲ್ ಬಂದಾಗ ನೀ ಒಳಗಿರಬ್ಯಾಡವ್ವಾ,” ಎಂದರು ಮಹಾರುದ್ರಪ್ಪ. ವಿಧಾನ ಪರಿಷತ್ತಿನಲ್ಲಿ ಪ್ರಶ್ನೋತ್ತರದ ಗಂಟೆ ಬಾರಿಸುವ ಮುಂಚೆ ಅವರು ಧನಶ್ರೀಯನ್ನು ಮೊಗಸಾಲೆಯ ಕಂಬದ ಮರೆಗೆ ಕರೆದೊಯ್ದಿದ್ದರು. “ಕ್ಯಾಂಟೀನಿಗೆ ಹೋಗಿ ಚಾ ಕುಡಿ. ಸದಸ್ಯರು ಗೈರುಹಾಜರು ಅಂತ ಬರಕೋತಾರ. ಮಂತ್ರಿಗಳ ಉತ್ತರ ಕಾಗದದಾಗ ಉಳೀತದ. ನೀ ಎದ್ದು ಉಪಪ್ರಶ್ನೆ ಕೇಳೂದೂ ಇಲ್ಲ, ಅವರು ಬಾಯಿ ಬಿಡೂದೂ ಇಲ್ಲ.”

“ಪಕ್ಷದವರು ಹೇಳಿ ಕಳಿಸ್ಯಾರೇನ್ರಿ ಕಾಕಾ?”

“ನಾನು ಹೇಳಾಕತ್ತೇನಿ. ಸಾಲದೇನು?”

ಇಷ್ಟು ವರ್ಷ ಸಾಲುತ್ತಿತ್ತು. ಹುಮನಾಬಾದಿನ ಕೈಗಾರಿಕಾ ಪ್ರದೇಶದ ಬದಿಯ ಹಳ್ಳಿಯೊಂದರ ಕೂಲಿ ಮನೆಯ ಹುಡುಗಿಯನ್ನು ಪಂಚಾಯಿತಿಗೆ ನಿಲ್ಲಿಸಿ, ಗೆಲ್ಲಿಸಿ, ಪರಿಷತ್ತಿನವರೆಗೆ ತಂದವರು ಬಸವಕಲ್ಯಾಣದ ಈ ಹಿರಿಯರೇ. ತಮ್ಮ ಮನೆಯ ಪಂಕ್ತಿಯಲ್ಲಿ ಅವಳಿಗೆ ಎಲೆ ಹಾಕಿಸಿದ ದಿನ ಕೆಲವು ನೆಂಟರು ಊಟ ಬಿಟ್ಟು ಎದ್ದಿದ್ದರು. ‘ಹೋಗೋರು ಹೋಗಲಿ, ನೀ ಉಣ್ಣು’ ಎಂದು ಅವರೇ ತುಪ್ಪ ಬಡಿಸಿದ್ದರು. ಆದರೆ ರಾಸಾಯನಿಕ ಕಾರ್ಖಾನೆಯೊಂದರ ಹೊಲಸನ್ನು ಅವಳ ಹಳ್ಳಿಯ ಹಳ್ಳಕ್ಕೆ ಸುರಿಯುತ್ತಿದ್ದ ಟ್ಯಾಂಕರುಗಳು ಅವರ ಮಗ ವೀರಭದ್ರನವು. ಹಳ್ಳದ ಪಕ್ಕದ ಬಾವಿಯ ನೀರು ಕೆಂಪಾಗಿತ್ತು. ಧನಶ್ರೀಯ ಚಿಕ್ಕಮ್ಮ, ಮೌಶಿ ಮೀರಾಬಾಯಿಯ ಅಂಗೈ ಸುಲಿದು, ರೊಟ್ಟಿ ಬಡಿಯಲೂ ಆಗದಂತಾಗಿತ್ತು.

“ವೀರಭದ್ರಗ ನಾ ಬೈತೀನಿ. ಮನಿ ಮಾತು ಮನ್ಯಾಗ ಇರಲಿ,” ಎಂದರು ಮಹಾರುದ್ರಪ್ಪ.

“ಮನಿ ಮಾತಲ್ರಿ ಕಾಕಾ. ಅದು ಊರ ನೀರು.”

ಗಂಟೆ ಬಾರಿಸಿತು. ಧನಶ್ರೀ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.

ಸಭಾಪತಿಗಳು ಅವಳ ಹೆಸರು ಕರೆದಾಗ ಸಚಿವರು ಎದ್ದು, ಮುಖವನ್ನೂ ಎತ್ತದೆ ಓದಿದರು: “ಸದರಿ ಕಾರ್ಖಾನೆಯು ತನ್ನ ತ್ಯಾಜ್ಯವನ್ನು ಆವರಣದೊಳಗೇ ನಿಯಮಾನುಸಾರ ಶುದ್ಧೀಕರಿಸುತ್ತಿದೆ. ಈ ಬಗ್ಗೆ ಯಾವುದೇ ದೂರು ಬಂದಿರುವುದಿಲ್ಲ.”

“ದೂರು ಹೇಳಲು ಹೋದ ಹೆಂಗಸರನ್ನು ಕಚೇರಿಯ ಬಾಗಿಲಲ್ಲೇ ತಿರುಗಿಸಿ ಕಳಿಸಿದರೆ ದೂರು ಎಲ್ಲಿಂದ ಬರಬೇಕು?” ಧನಶ್ರೀ ಎದ್ದು ಕೇಳಿದಳು. “ತುಂಬಿದ ಟ್ಯಾಂಕರುಗಳು ಕಾರ್ಖಾನೆಯ ಗೇಟು ದಾಟಿ ಹೋಗುತ್ತವೆ, ಹಳ್ಳದ ದಂಡೆಯಿಂದ ಖಾಲಿಯಾಗಿ ತಿರುಗಿ ಬರುತ್ತವೆ. ಎಲ್ಲವೂ ಆವರಣದೊಳಗೇ ಶುದ್ಧವಾಗುವುದಾದರೆ ಹೊರಗೆ ಒಯ್ಯುತ್ತಿರುವುದು ಏನನ್ನು?”

ಸಚಿವರು ಅಧಿಕಾರಿಗಳ ಗ್ಯಾಲರಿಯತ್ತ ನೋಡಿದರು. ಅಲ್ಲಿಂದ ಯಾವ ಚೀಟಿಯೂ ಬರಲಿಲ್ಲ. ಕೊನೆಗೆ ನಕ್ಕು, “ಯಾರ ಟ್ಯಾಂಕರು? ಮಾನ್ಯ ಸದಸ್ಯೆ ಹೆಸರು ಹೇಳಲಿ, ಇವತ್ತೇ ಜಪ್ತಿ ಮಾಡಿಸುತ್ತೇನೆ,” ಎಂದರು. ಹೆಸರು ಅವರಿಗೂ ಗೊತ್ತಿತ್ತು. ಅವಳು ಅದನ್ನು ಹೇಳಲಾರಳು ಎಂಬ ಧೈರ್ಯವೂ ಇತ್ತು.

ಹಿಂದಿನ ಸಾಲಿನಲ್ಲಿ ಮಹಾರುದ್ರಪ್ಪ ಕೆಮ್ಮಿದರು. “ಕುಳಿತುಕೊಳ್ಳಿ, ಮುಂದಿನ ಪ್ರಶ್ನೆ,” ಎಂದರು ಸಭಾಪತಿಗಳು. ಧನಶ್ರೀ ಕೂರಲಿಲ್ಲ.

“ವೀರಭದ್ರ. ಬಸವಕಲ್ಯಾಣದವನು. ಇದೇ ಸದನದಲ್ಲಿ ಕೂತಿರುವ ಮಹಾರುದ್ರಪ್ಪನವರ ಮಗ, ನಮ್ಮದೇ ಪಕ್ಷದವನು. ಹೆಸರು ಹೇಳಿದ್ದೇನೆ. ಇನ್ನು ನಿಮ್ಮ ಮಾತು ನಡೆಸಿಕೊಡಿ.”

ವಿರೋಧ ಪಕ್ಷದವರು ಮೇಜು ಕುಟ್ಟಿದರು. ಅವಳ ಪಕ್ಷದವರು ಎದ್ದು ನಿಂತು ಕೂಗಾಡಿದರು. ಸದನದ ಹೊರಗಿನವರ ಹೆಸರು ಎತ್ತಬಾರದೆಂದು ವೀರಭದ್ರನ ಹೆಸರನ್ನು ಕಡತದಿಂದ ತೆಗೆಸಲಾಯಿತು. ಜಪ್ತಿ ಮಾಡಿಸುತ್ತೇನೆಂಬ ಸಚಿವರ ಮಾತು ಮಾತ್ರ ಕಡತದಲ್ಲಿ ಉಳಿಯಿತು.

ಮೊಗಸಾಲೆಯಲ್ಲಿ ಮಹಾರುದ್ರಪ್ಪ ಅವಳ ಮುಖ ನೋಡದೆಯೇ ಹೇಳಿದರು: “ಇನ್ನ ನಿನಗ ಟಿಕೆಟ್ ಸಿಗೂದಿಲ್ಲ.”

“ಗೊತ್ತದರಿ. ಅವಧಿ ಮುಗಿಯೂತನಕ ಇಲ್ಲೇ ಕೂಡತೀನಿ. ಕೇಳಾಕ ಇನ್ನೂ ಭಾಳ ಅವ.”

ಅಧಿವೇಶನ ಮುಗಿಸಿಕೊಂಡು ಅವಳು ಹಳ್ಳಿಗೆ ಬಂದಾಗ ಜಪ್ತಿಯಾದ ಟ್ಯಾಂಕರುಗಳು ಹೆದ್ದಾರಿಯ ಬದಿಯಲ್ಲಿ ಧೂಳು ತಿನ್ನುತ್ತ ನಿಂತಿದ್ದವು. ಬಾವಿಯ ನೀರು ಇನ್ನೂ ಕೆಂಪೇ ಇತ್ತು. ಅದು ತಿಳಿಯಾಗಲು ಎಷ್ಟು ಕಾಲ ಬೇಕೋ ಯಾರಿಗೂ ಗೊತ್ತಿರಲಿಲ್ಲ. ಮೀರಾಬಾಯಿ ಬಟ್ಟೆ ಸುತ್ತಿದ ಕೈಗಳಲ್ಲೇ ಅವಳ ಮುಖ ಸವರಿ ದೃಷ್ಟಿ ತೆಗೆದಳು. ಚಾ ಇಡಲು ಒಳಗೆ ಹೊರಡುವಷ್ಟರಲ್ಲಿ ಅಂಗಳಕ್ಕೆ ಅಜೀತ ಬಂದ. ಪಕ್ಕದ ಓಣಿಯವನು, ವೀರಭದ್ರನ ಟ್ಯಾಂಕರು ಓಡಿಸುತ್ತಿದ್ದವನು.

“ನಿನ್ನ ಸವಾಲಿಂದ ನನ್ನ ನೌಕರಿ ಹೋತು ಅಕ್ಕಾ,” ಎಂದ. ಸಿಟ್ಟಿಗೆ ಅವನ ಕುತ್ತಿಗೆಯ ನರ ಉಬ್ಬಿತ್ತು. “ಗಾಡಿ ಹೊಡದೋರೆಲ್ಲಾ ಈ ಊರವರೇ. ಎಲ್ಲಾರೂ ಮನ್ಯಾಗ ಕುಂತೇವಿ.”

“ವಿಷ ಸುರಿಯೂವಾಗ ನಿನಗ ತಿಳೀಲಿಲ್ಲೇನೋ?” ಮೀರಾಬಾಯಿ ಹೊಸ್ತಿಲಲ್ಲೇ ತಿರುಗಿ ನಿಂತು ಗದರಿದಳು.

“ತಿಳೀತಿತ್ತು ಮೌಶಿ. ನಮ್ಮವ್ವನೂ ಅದೇ ನೀರು ಕುಡೀತಾಳ.”

ಧನಶ್ರೀ ಕಟ್ಟೆಯ ಮೇಲೆ ಸರಿದು ಅವನಿಗೆ ಜಾಗ ಮಾಡಿದಳು. ಅಜೀತ ಕೂರಲಿಲ್ಲ.

“ಮಂತ್ರಿನ್ನ ಎದ್ದು ನಿಂತು ಕೇಳಾಕ ಬರತದಲ್ಲ ನಿನಗ?” ಎಂದ. “ಹಂಗಾರ ಇದನ್ನೂ ಕೇಳು. ಸುರದವರ ನೌಕರಿ ಹೋತು. ಸುರೀರಿ ಅಂತ ಗೇಟ್ ತೆರದು ಕೊಟ್ಟವರದು ಯಾಕ ಹೋಗಲಿಲ್ಲ?”