ಹದಿನೆಂಟನೇ ಚೀಟಿ

“ಒಂದಕ್ಷರವೂ ಬದಲಾಗಿಲ್ಲ ಅಂದ್ರೆ ಏನರ್ಥ ಅಮ್ಮಾ?” ಚಂದನ ಮೂರನೇ ಸಲ ಕೇಳಿದಳು. ಹೆಪಟೈಟಿಸ್ ಬಿ ವೈರಸ್ಸು ಒಂದೇ ಮನೆಯವರಲ್ಲಿ ಹೇಗೆಲ್ಲ ಬದಲಾಗುತ್ತದೆಂದು ಸಂಶೋಧನೆಗೆ ಹೊರಟವಳ ತಾಳ್ಮೆ ಹೊಳಲು ಎಂಬ ಹಳ್ಳಿಯ ಈ ಜಗಲಿಯ ಮೇಲೆ ಮುಗಿಯುತ್ತ ಬಂದಿತ್ತು.

ಅವರೆಕಾಯಿ ಬಿಡಿಸುತ್ತಿದ್ದ ಬೆಟ್ಟಮ್ಮ ತಲೆ ಎತ್ತಲಿಲ್ಲ. “ಅಕ್ಸರ ನಂಗೇನ್ ಗೊತ್ತವ್ವ? ನಾ ಇಸ್ಕೂಲ್ ಮೆಟ್ಲು ಅತ್ತಿದೋಳಲ್ಲ.”

ಈ ವೈರಸ್ಸು ಇನ್ನೊಂದು ಮೈ ಸೇರಿ ವರ್ಷಗಟ್ಟಲೆ ಬಾಳಿದರೆ ಅದರ ವಂಶವಾಹಿಯ ಬರಹದಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾಗಲೇಬೇಕು. ರಕ್ತದ ಸೀಸೆಗಳಿಗೆ ಅಂಟಿಸಿದ ಚೀಟಿಗಳಲ್ಲಿ ಹದಿನೇಳನೆಯದು ಬೆಟ್ಟಮ್ಮನದು, ಹದಿನೆಂಟು ಅವಳ ಮಗ ರಘುನಂದನ್‌ದು. ಮಗನಿಗೆ ಮೂವತ್ತು ದಾಟಿದೆ. ಎರಡು ರಕ್ತದಲ್ಲೂ ಬರಹ ಮಾತ್ರ ಚಾಚೂ ತಪ್ಪದೆ ಒಂದೇ. ಗುಟ್ಟು ಕಾಯಬೇಕೆಂದು ಚೀಟಿಯ ಮೇಲೆ ಹೆಸರಿಲ್ಲದೆ ಬರೀ ನಂಬರು ಹಾಕಿಸಿದ ತನ್ನ ಜಾಣತನಕ್ಕೆ ಚಂದನ ಹಣೆ ಚಚ್ಚಿಕೊಂಡಳು.

“ಹದಿನೆಂಟನೇ ಚೀಟಿಗೆ ರಕ್ತ ಕೊಟ್ಟೋರು ಯಾರು?”

“ನಾನೇ ಕಣವ್ವ. ಬೆಳಿಗ್ಗೆ ಈ ತೋಳು, ಮದ್ಯಾನ ಆ ತೋಳು. ಸೂಜಿ ಕಂಡ್ರೆ ನಮ್ ರಘುಗೆ ತಲೆ ಸುತ್ತತ್ತೆ. ಎತ್ತೋಳು ನಾನು, ನಂದಾದ್ರೇನು, ಅವನ್ದಾದ್ರೇನು?”

ಲಾರಿಗೆ ಕಬ್ಬು ತುಂಬುವ ಆಳು, ರಘು, ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡ. ತಿಂಗಳ ಹಿಂದೆ ಅವನಿಗೆ ಕಾಯಿಲೆ ಇದೆಯೆಂದು ವರದಿ ಬಂದಾಗ, ಐದು ತಿಂಗಳ ಬಸುರಿ ಹೆಂಡತಿ ದೀಪಿಕ “ಯಾರತ್ರ ಅಂಟುಸ್ಕೊಂಡ್ ಬಂದೆ?” ಎಂದು ಕೇಳಿ ಮಳವಳ್ಳಿಯ ತವರಿಗೆ ಹೊರಟುಹೋಗಿದ್ದಳು.

“ಅವ್ಳು ಬ್ಯಾಗ್ ಇಡ್ಕೊಂಡ್ ಓಗೋವಾಗ್ಲೂ ಬಾಯ್ ಬುಡ್ಲಿಲ್ವಲ್ಲವ್ವ ನೀನು!”

“ಡಾಕ್ಟ್ರೇ ಏಳವ್ರೆ ಅಂದ್ಮೇಲೆ ನಿಂಗೂ ಇರ್ಬೋದು ಅನ್ಕಂಡೆ ಕಣ್ಲಾ.”

ಚಂದನಳಿಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ. “ಮಾತು ಸಾಕು, ಬೆರಳು ಕೊಡಿ” ಎಂದು ರಘುವಿನ ಕೈ ಎಳೆದು ಚುಚ್ಚಿದಳು. ಅವನು ಕಣ್ಣು ಮುಚ್ಚಿ ಹಲ್ಲು ಕಚ್ಚಿದ. ಪರೀಕ್ಷೆಯ ಪಟ್ಟಿಯ ಮೇಲೆ ರಕ್ತದ ಹನಿ ಹರಡಿತು. ಎರಡು ಗೆರೆ ಮೂಡಿದರೆ ಕಾಯಿಲೆ. ಕಾಲು ಗಂಟೆ ಮೂವರೂ ಅದನ್ನೇ ನೋಡಿದರು.

ಒಂದೇ ಗೆರೆ.

“ಇವರಿಗಿಲ್ಲ. ಎರಡು ಚೀಟಿಯ ಕಾಯಿಲೆಯೂ ನಿಮ್ಮದೇ ಅಮ್ಮಾ.”

“ನಂಗಿದ್ರೆ ಇರ್ಲಿ ಬುಡು. ಮಾದಪ್ಪ ನನ್ ಮಗನ್ನ ಕಾಪಾಡ್ದ!” ಬೆಟ್ಟಮ್ಮ ಕೈಯೆತ್ತಿ ಮುಗಿದಳು.

ರಘು ದೀಪಿಕಳ ನಂಬರು ಒತ್ತಿ, ಮುಗಿದ ಆ ಕೈಗಳ ನಡುವೆ ಫೋನು ತುರುಕಿದ. “ಮಾದಪ್ಪುಂಗ್ ಆಮೇಲ್ ಮುಗಿಯವ್ವ. ಮೊದ್ಲು ಅವ್ಳಿಗ್ ಏಳು, ನೀನೇ ಏಳು.”

ಎರಡು ಸಲ ಅಳುಕದೆ ಸೂಜಿಗೆ ತೋಳು ಒಡ್ಡಿದವಳು, ಮಳವಳ್ಳಿಯಲ್ಲಿ ಫೋನು ರಿಂಗಾಗುತ್ತಿದ್ದಂತೆ ಮಗನ ಹಾಗೆಯೇ ಕಣ್ಣು ಮುಚ್ಚಿ ಹಲ್ಲು ಕಚ್ಚಿದಳು.