ಕಾಣದ ಡಿಸ್ಕು

"ಡಿಸ್ಕ್ ಕಾಣಿಸ್ತಾನೇ ಇಲ್ಲ ಕಣೇ," ಎಂದು ನನ್ನ ಕಂಪ್ಯೂಟರಿನ ಮುಂದೆ ಕೂತಿದ್ದ ಗೆಳತಿ ಹೇಮಾವತಿ ಕಣ್ಣೊರೆಸಿಕೊಂಡಳು.

ನಾವಿಬ್ಬರೂ ಊರೂರು ಅಲೆದು ರೆಕಾರ್ಡ್ ಮಾಡಿದ ಬೀಸುವ ಪದಗಳೆಲ್ಲ ಅದರಲ್ಲೇ ಇದ್ದವು. ಹಾಡಿದ ಅಜ್ಜಿಯರಲ್ಲಿ ಮುಕ್ಕಾಲು ಪಾಲು ಈಗಿಲ್ಲ. ಇನ್ನೊಂದು ಕಾಪಿ ಮಾಡಿಡೋಣ ಎಂದರೆ, "ಯಾರಾದ್ರೂ ಹೊಡ್ಕೊಂಡು ತಮ್ಮ ಹೆಸರಲ್ಲಿ ಪುಸ್ತಕ ಮಾಡ್ತಾರೆ, ಬೇಡ," ಎಂದವಳು ಅವಳೇ.

ಯುಗಾದಿಗೆ ಹೊಸ ಡಿಸ್ಕಿನ ಸಮೇತ ಈ ಹೊಸ ಕಂಪ್ಯೂಟರ್ ಮನೆಗೆ ಬಂದಾಗ ಅವಳಿಗೆ ನನಗಿಂತ ಸಂಭ್ರಮ. "ಆಯುಧಪೂಜೆ ಬರಲಿ, ಮುಚ್ಚಳ ಬಿಚ್ಚಿ ಒಳಗೂ ಕುಂಕುಮ ಇಡ್ತೀನಿ. ನಮ್ಮನೇದಕ್ಕೆ ಪ್ರತಿ ವರ್ಷ ಇಡಲ್ವಾ, ಹಾಗೆ," ಎಂದು ನಕ್ಕಿದ್ದಳು. ನಾನು ಊರಲ್ಲಿಲ್ಲದಾಗ ಮನೆಯ ಬೀಗದ ಕೈ ಅವಳ ಹತ್ತಿರವೇ ಇರುತ್ತಿತ್ತು. ನಿನ್ನೆಯೂ ಇತ್ತು.

"ಕೇಬಲ್ ಲೂಸ್ ಆಗಿರಬೇಕು, ಬಿಚ್ಚಿ ನೋಡೋಣ," ಎಂದೆ.

"ಎಲ್ಲಾ ನೋಡಾಯ್ತು. ಕೇಬಲ್ ಬದಲಾಯಿಸಿದೆ, ಬೇರೆ ಪೋರ್ಟಿಗೆ ಹಾಕಿದೆ. ಡಿಸ್ಕೇ ಸತ್ತೋಗಿದೆ. ನಮ್ಮ ಹಣೇಬರಹ, ಬಿಟ್ಬಿಡೇ."

ನನಗೂ ಅಳು ತಡೆಯಲಾಗಲಿಲ್ಲ. ಅವಳೇ ಬೆನ್ನು ಸವರಿ ಸಮಾಧಾನ ಮಾಡಿದಳು. ಆದರೂ ಮನಸ್ಸು ಕೇಳದೆ, ಸ್ಕ್ರೂ ಬಿಚ್ಚಿ ಡಿಸ್ಕನ್ನು ಈಚೆಗೆಳೆದೆ. ಅಂಗೈಯಲ್ಲಿಟ್ಟು ತಿರುಗಿಸಿದೆ. ಅದರ ಅಂಚಿನಲ್ಲಿ ಒಣಗಿದ ಕುಂಕುಮದ ಬೊಟ್ಟು ಅಂಟಿಕೊಂಡಿತ್ತು.

ಅವಳ ಕೈ ನನ್ನ ಬೆನ್ನ ಮೇಲೆ ಹಾಗೇ ನಿಂತಿತು.

"ಹೇಮಾ, ಈ ಸಲದ ಆಯುಧಪೂಜೆ ಇನ್ನೂ ಬಂದೇ ಇಲ್ಲವಲ್ಲೇ?"